ಗ್ರೀನ್ ಕಾರ್ಡೂ ಹಳೆಯ ಗಡುವೂ

ಅಮೆರಿಕದಲ್ಲಿ ನೆಲಸಿರುವ ಮಗ ಊರಿಗೆ ಬರುವುದನ್ನು ವರ್ಷವರ್ಷವೂ ಮುಂದೂಡುತ್ತಿದ್ದರೆ ತಂದೆತಾಯಿಗಳು ಏನೇನೋ ಊಹಿಸುತ್ತಾರೆ. ಕೆಲಸದ ಒತ್ತಡವೆನ್ನುತ್ತಾರೆ; ಸೊಸೆಗೆ ಮನಸ್ಸಿಲ್ಲವೆನ್ನುತ್ತಾರೆ. ಕೆಲವರ ವಿಷಯದಲ್ಲಿ ಕಾರಣ ಇವೆರಡೂ ಅಲ್ಲ, ಬರಿಯ ಭಯ. ಹಿಂದೆ ಅವನು ಆ ದೇಶದಲ್ಲಿ ಗಡುವು ಮೀರಿ ಉಳಿದಿದ್ದ. ಆಮೇಲೆ ಗ್ರೀನ್ ಕಾರ್ಡ್, ಎಂದರೆ ಕಾಯಂ ವಾಸದ ಹಕ್ಕು, ದೊರೆಯಿತು. ಆದರೂ "ಹೊರಗೆ ಹೋದರೆ ಮತ್ತೆ ಒಳಗೆ ಬಿಟ್ಟಾರೆಯೆ?" ಎಂಬ ಶಂಕೆ ತೀರಿಲ್ಲ. ಈ ಶಂಕೆಯಲ್ಲಿ ಎಷ್ಟು ಹುರುಳುಂಟು, ನೋಡೋಣ.

ಮೊದಲು ಗಡುವಿನ ಮಾತು. ವೀಸಾ ಎಂಬುದು ಬಾಗಿಲಿಗೆ ಬಂದು ಪ್ರವೇಶ ಕೇಳಲು ಅನುಮತಿ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ಗೊತ್ತುಮಾಡುವುದು, ಬಾಗಿಲಲ್ಲಿ ಅಧಿಕಾರಿ ಕೊಡುವ ಐ-94 ಎಂಬ ಪ್ರವೇಶದಾಖಲೆ. ಎರಡರ ತಾರೀಖೂ ಒಂದೇ ಎಂದು ತಿಳಿದು ಗಡುವು ಮೀರಿದವರು ಉಂಟು.

ಇನ್ನು ಶಿಕ್ಷೆ. 1996ರಲ್ಲಿ ರಚಿತವಾಗಿ 1997ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿಧಿಯಂತೆ, 180 ದಿನಗಳಿಗಿಂತ ಹೆಚ್ಚು, ಒಂದು ವರ್ಷಕ್ಕಿಂತ ಕಡಿಮೆ ಕಾಲ ಅಕ್ರಮವಾಗಿ ಉಳಿದು ತಾನಾಗಿ ಹೊರಟವನಿಗೆ 3 ವರ್ಷ ಪ್ರವೇಶವಿಲ್ಲ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದು ಹೊರಟವನಿಗೆ 10 ವರ್ಷ. ಹದಿನೆಂಟು ತುಂಬುವುದಕ್ಕೆ ಮುಂಚಿನ ದಿನಗಳು ಈ ಲೆಕ್ಕಕ್ಕೆ ಸೇರವು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಶಿಕ್ಷೆ ಅಂಟುವುದು ಹೊರಟಾಗ. ಒಳಗಿರುವಷ್ಟು ಕಾಲ ಏನೂ ಕಾಣದು. ಹೊಸ್ತಿಲು ದಾಟಿದೊಡನೆ ಹಿಂದೆ ಅಗುಳಿ ಬೀಳುತ್ತದೆ. ಆದ್ದರಿಂದಲೇ ಆ ಮಗನಿಗೆ ವಿಮಾನ ನಿಲ್ದಾಣವೆಂದರೆ ಎದೆ ನಡುಗುವುದು.

ವ್ಯಾಕರಣ ಓದಿದವರಿಗೆ ಉತ್ಸರ್ಗ, ಅಪವಾದಗಳ ಪರಿಚಯವಿರುತ್ತದೆ. ಸಾಮಾನ್ಯ ವಿಧಿ ಉತ್ಸರ್ಗ. ಅದನ್ನು ತಡೆಯುವ ವಿಶೇಷ ವಿಧಿ ಅಪವಾದ. ಈ ಕಾನೂನಿನಲ್ಲಿ ಅಪವಾದವು ವಾಕ್ಯದ ಆರಂಭದಲ್ಲಿಯೇ ಕುಳಿತಿದೆ: ಕಾಯಂ ವಾಸಕ್ಕೆ ವಿಧಿವತ್ತಾಗಿ ಅಂಗೀಕೃತರಾದವರಿಗೆ ಈ ನಿಷೇಧ ಅನ್ವಯಿಸದು. ಅಧಿಕಾರಿಯ ಮುಂದೆ ಹಾಜರಾಗಿ ಸಕ್ರಮವಾಗಿ ಪ್ರವೇಶಿಸಿದ್ದರೆ, ಅಲ್ಲಿನ ಪೌರರ ಗಂಡ ಅಥವಾ ಹೆಂಡತಿ, ತಂದೆತಾಯಿಗಳು, ಇಪ್ಪತ್ತೊಂದು ತುಂಬದ ಅವಿವಾಹಿತ ಮಕ್ಕಳು ಗಡುವು ಮೀರಿದ್ದರೂ ದೇಶದೊಳಗೇ ಇದ್ದು ಕಾರ್ಡು ಪಡೆಯಬಹುದು. ಉದ್ಯೋಗದ ಮೂಲಕ ಪಡೆಯುವವರಿಗೆ, ಕೊನೆಯ ಸಕ್ರಮ ಪ್ರವೇಶದಿಂದ ಈಚೆಗೆ ಒಟ್ಟು 180 ದಿನಗಳವರೆಗಿನ ಲೋಪಕ್ಕೆ ಮಾಫಿಯುಂಟು. ಹೀಗೆ ಸತ್ಯವನ್ನೇ ಹೇಳಿ ಕಾರ್ಡು ಪಡೆದವನು ಆ ಹಳೆಯ ದಿನಗಳನ್ನೇ ನೆನೆದು ಹೆದರಬೇಕಾಗಿಲ್ಲ.

ಆದರೆ ಎಚ್ಚರ ಬೇಕಾದ ಕಡೆಗಳಿವೆ. ಅರ್ಜಿ ಹಾಕಿರುವುದು ಬೇರೆ, ಕಾರ್ಡು ಕೈಗೆ ಬಂದಿರುವುದು ಬೇರೆ. ಅರ್ಜಿ ಬಾಕಿಯಿರುವಾಗ ಮುಂಗಡ ಅನುಮತಿಯಿಲ್ಲದೆ ಹೊರಟರೆ ಸಾಮಾನ್ಯವಾಗಿ ಅರ್ಜಿಯನ್ನೇ ಕೈಬಿಟ್ಟಂತೆ ಎಣಿಸುತ್ತಾರೆ. ನಿಷೇಧವೂ ಮೇಲೆ ಬೀಳಬಹುದು. ಅಂಥ ಅನುಮತಿ ಪಡೆದು ಹೋಗಿಬರುವುದು ಆ 10 ವರ್ಷದ ವಿಧಿ ಹೇಳುವ 'ನಿರ್ಗಮನ'ವಲ್ಲವೆಂದು ವಲಸೆ ಮೇಲ್ಮನವಿ ಮಂಡಳಿ 2012ರಲ್ಲಿ ತೀರ್ಮಾನಿಸಿತು. ಇನ್ನು, ಕಾರ್ಡಿನ ಅರ್ಜಿಯಲ್ಲಿ ಸುಳ್ಳು ಹೇಳಿದ್ದರೆ, ಗಡೀಪಾರಿನ ಆಜ್ಞೆ ಹಿಂದೆ ಆಗಿದ್ದರೆ, ಅಪರಾಧದ ದಾಖಲೆಯಿದ್ದರೆ, ಇಲ್ಲವೆ ನಿಷೇಧದ ಅವಧಿಯಲ್ಲೇ ಮತ್ತೆ ಪ್ರವೇಶಿಸಿದ್ದರೆ, ಕಾರ್ಡಿನ ಬುಡವೇ ಅಲುಗಬಹುದು. ಅಂಥವನು ಟಿಕೆಟ್ಟಿಗೆ ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣಬೇಕು.

ಉಳಿದದ್ದು ನಮಗೆ, ಊರಿನಲ್ಲಿರುವವರಿಗೆ, ಸಂಬಂಧಪಟ್ಟ ಮಾತು. ಮಗ ಬಂದ. ತಾಯಿಗೆ ಕಾಯಿಲೆ. "ಇನ್ನೆರಡು ತಿಂಗಳಿರಪ್ಪ" ಎನ್ನುತ್ತೇವೆ. ತಂಗಿಯ ಮದುವೆ ಗೊತ್ತಾಗುತ್ತದೆ. ಮತ್ತೆ ಎರಡು ತಿಂಗಳು. ಎಡೆಬಿಡದೆ 180 ದಿನ ಮೀರಿ ಹೊರಗಿದ್ದವನನ್ನು ಹೊಸದಾಗಿ ಪ್ರವೇಶ ಬಯಸುವವನಂತೆ ವಿಚಾರಿಸಬಹುದು. ಆರು ತಿಂಗಳು ಮೀರಿದರೆ ಪೌರತ್ವಕ್ಕೆ ಬೇಕಾದ ನಿರಂತರ ವಾಸಕ್ಕೂ ಕುಂದು ಬರಬಹುದು. ಒಂದು ವರ್ಷ ಮೀರಿದರೆ ಮರುಪ್ರವೇಶಕ್ಕೆ ಕಾರ್ಡೊಂದೇ ಸಾಲದು. ಹೆಚ್ಚು ಕಾಲ ನಿಲ್ಲಬೇಕಾದೀತೆಂದು ತೋರಿದರೆ ಮರುಪ್ರವೇಶದ ಪರವಾನಗಿಗೆ ಅವನು ಅಲ್ಲಿಂದ ಹೊರಡುವ ಮುನ್ನವೇ ಅರ್ಜಿ ಹಾಕಬೇಕು; ಇಲ್ಲಿಗೆ ಬಂದ ಮೇಲೆ ಹಾಕುವಂತಿಲ್ಲ. ಅದರ ಅವಧಿ ಸಾಮಾನ್ಯವಾಗಿ 2 ವರ್ಷ. ಹಿಂದಿರುಗಿದಾಗ ಅಧಿಕಾರಿ ಹಕ್ಕು ಬಿಟ್ಟುಕೊಡುವ ಐ-407 ಪತ್ರವನ್ನು ಮುಂದಿಟ್ಟರೆ ಗಾಬರಿಯಿಂದ ರುಜು ಹಾಕಬಾರದು. ವಲಸೆ ನ್ಯಾಯಾಧೀಶರ ಮುಂದೆ ತನ್ನ ಮಾತು ಹೇಳಿಕೊಳ್ಳಲು ಅವನಿಗೆ ಹಕ್ಕುಂಟು.

ವಿಚಿತ್ರ ನೋಡಿ! ಅಂದು ಅಲ್ಲಿ ಹೆಚ್ಚು ದಿನ ಉಳಿದದ್ದು ತೊಡಕಾಗಿತ್ತು. ಇಂದು ಇಲ್ಲಿ ಹೆಚ್ಚು ದಿನ ಉಳಿಯುವುದು ತೊಡಕು. ಹಳೆಯ ದಿನಗಳ ಲೆಕ್ಕ ತೀರಿದೆಯೆಂದು ಅವನು ನಂಬದೆ ಕುಳಿತರೆ, ತಾಯಿಯ ಕಡೆಯ ದಿನಗಳು ಅವನಿಗಾಗಿ ಕಾಯುವುದಿಲ್ಲ. ಆದ್ದರಿಂದ ಮುಂದಿನ ಸಲ ಮಾತಾಡುವಾಗ "ಯಾಕೆ ಬರಲಿಲ್ಲ?" ಎಂದು ಆಕ್ಷೇಪಿಸಬೇಡಿ. "ಕಾರ್ಡಿನ ಅವಧಿ ನೋಡಿಕೊ, ಹಳೆಯ ಕಾಗದಗಳನ್ನು ಒಮ್ಮೆ ತೋರಿಸಿ ವಿಚಾರಿಸು, ಒಂದು ತಿಂಗಳ ಮಟ್ಟಿಗೆ ಬಾ" ಎನ್ನಿ. ಬಂದವನನ್ನು ಹೇಳಿದ ದಿನಕ್ಕೆ ನಗುನಗುತ್ತ ಕಳಿಸಿಕೊಡಿ.