ಮೇಲಂತಸ್ತಿಗೆ ಅದರದೇ ಬೋರ್ಡು
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಕರೆಂಟಿನ ವಿಷಯ ಮಾತನಾಡುವುದೇ ಎಂದು ನೀವು ನಗಬಹುದು. ಆದರೆ ಈ ಪಾಠ ನಾನು ಪುಸ್ತಕದಿಂದ ಕಲಿತದ್ದಲ್ಲ, ನಮ್ಮ ಮನೆಯಲ್ಲೇ ಹೆದರಿ ಕಲಿತದ್ದು.

ತಮ್ಮನ ಮದುವೆ ನಿಶ್ಚಯವಾದಾಗ ನಮ್ಮ ಹಳೆಯ ಮನೆಯ ಮೇಲೆ ಎರಡು ಕೋಣೆ, ಒಂದು ಬಚ್ಚಲು ಕಟ್ಟಿಸಿದೆವು. ಟೈಲ್ಸ್ ಆರಿಸಲು ನಾಲ್ಕು ಅಂಗಡಿ ತಿರುಗಿದೆವು. ವೈರಿಂಗ್ ಮಾತು ಬಂದಾಗ ಮಾತ್ರ, "ಕೆಳಗಿನ ಬೋರ್ಡಿನಿಂದಲೇ ಎಳೆದುಬಿಡಿ, ಖರ್ಚು ಉಳಿಯುತ್ತದೆ" ಎಂದವನು ನಾನೇ. ಕೆಲಸದವನು ಅಡುಗೆಮನೆಯ ಪವರ್ ಲೈನಿನಿಂದ ಮೇಲಕ್ಕೆ ತಂತಿ ಎಳೆದ.

ಮೇಲೆ 3000 ವಾಟಿನ ಗೀಸರ್, ಕೆಳಗೆ 2000 ವಾಟಿನ ಇಂಡಕ್ಷನ್ ಒಲೆ, 1000 ವಾಟಿನ ಇಸ್ತ್ರಿಪೆಟ್ಟಿಗೆ. ಮೂರೂ ಒಟ್ಟಿಗೆ ನಡೆದರೆ 230 ವೋಲ್ಟಿನಲ್ಲಿ ಸುಮಾರು 26 ಆಂಪಿಯರ್. ಆ ಲೈನಿನ ಎಂಸಿಬಿ 16 ಆಂಪಿಯರಿನದು. ದಿನವೂ ಬೆಳಿಗ್ಗೆ ಟ್ರಿಪ್ ಆಗುತ್ತಿತ್ತು. ಬೇಸತ್ತು ಕರೆಸಿದಾಗ ಕೆಲಸದವನು 32 ಆಂಪಿಯರಿನದು ಹಾಕಿ ಹೋದ. ಟ್ರಿಪ್ ಆಗುವುದು ನಿಂತಿತು. ನಾವೆಲ್ಲ ಸಂತೋಷಪಟ್ಟೆವು.

ಒಂದು ದಿನ ಅಮ್ಮಿ, "ಬೇಟಾ, ಬೋರ್ಡಿನ ಹತ್ತಿರ ಏನೋ ಸುಟ್ಟ ವಾಸನೆ" ಎಂದರು. ಮುಚ್ಚಳ ತೆಗೆಸಿದರೆ ತಂತಿಯ ಹೊದಿಕೆ ಕರಗಿ ಕಪ್ಪಾಗಿತ್ತು. ಅದೇ ಗೋಡೆಯ ಪಕ್ಕದಲ್ಲಿ ಅಮ್ಮಿ ರಾತ್ರಿ ಮಲಗುತ್ತಿದ್ದರು.

ಎಂಸಿಬಿ ಇರುವುದು ತಂತಿಯನ್ನು ಕಾಯಲು. ತಂತಿ ಬದಲಿಸದೆ ದೊಡ್ಡ ಎಂಸಿಬಿ ಹಾಕುವುದೆಂದರೆ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟಂತೆ.

ಆಮೇಲೆ ಲೈಸೆನ್ಸ್ ಇರುವ ಗುತ್ತಿಗೆದಾರರನ್ನು ಕರೆದೆವು. ಅವರು ಮೊದಲು ಎರಡೂ ಅಂತಸ್ತಿನ ಲೋಡು ಲೆಕ್ಕ ಹಾಕಿ, ಮಂಜೂರಾದ ಲೋಡು ಸಾಲದೆಂದು ವಿದ್ಯುತ್ ಕಂಪನಿಗೆ ಅರ್ಜಿ ಕೊಡಿಸಿದರು. ನಂತರ ಮುಖ್ಯ ಬೋರ್ಡಿನಲ್ಲಿ ಪ್ರತ್ಯೇಕ 32 ಆಂಪಿಯರ್ ಎಂಸಿಬಿ ಇಟ್ಟು, ಅಲ್ಲಿಂದ 6 ಚದರ ಮಿಲಿಮೀಟರಿನ ತಾಮ್ರದ ತಂತಿ ಮೇಲಕ್ಕೆ ಎಳೆದು, ಅಲ್ಲಿ ಎರಡನೆಯ ಬೋರ್ಡು ಕೂರಿಸಿದರು. ಅದರಲ್ಲಿ ದೀಪ, ಫ್ಯಾನಿಗೆ 6 ಆಂಪಿಯರ್, 1.5ರ ತಂತಿ, ಪ್ಲಗ್ಗುಗಳಿಗೆ 16 ಆಂಪಿಯರ್, 2.5ರ ತಂತಿ, ಗೀಸರಿಗೆ 4ರ ತಂತಿಯ ಸ್ವಂತ ಲೈನು. ನಿಮ್ಮ ಮನೆಯ ಲೆಕ್ಕ ಬೇರೆಯಾಗಬಹುದು. ತಂತಿಗೆ ತಕ್ಕ ಎಂಸಿಬಿ ಎಂಬ ನಿಯಮ ಬದಲಾಗದು.

ಹೊಸ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿದೆವು. ಎಂಸಿಬಿ ಇದ್ದಮೇಲೆ ಇದೇಕೆ ಎಂದು ನಾನೂ ಕೇಳಿದ್ದೆ. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರಿನ ಸಣ್ಣ ಭಾಗ ಸಾಕು. 16 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಮಾತ್ರ ಹೋದ ಕರೆಂಟು ಅಷ್ಟೇ ಮರಳಿ ಬಂತೇ ಎಂದು ನೋಡುತ್ತದೆ. ಬರದಿದ್ದರೆ ಕ್ಷಣದಲ್ಲಿ ಕಡಿಯುತ್ತದೆ. ಒದ್ದೆ ಕೈಯ ಮಕ್ಕಳಿರುವ ಮನೆಗೆ ಇದು ಆಡಂಬರವಲ್ಲ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಟ್ರಿಪ್ ಆಗದಿದ್ದರೆ ಬದಲಿಸಿ.

ಇನ್ನೆರಡು ಮಾತು. ಮೇಲಿನ ನ್ಯೂಟ್ರಲ್ ತಂತಿಗಳನ್ನು ಕೆಳಗಿನ ಲೈನುಗಳ ನ್ಯೂಟ್ರಲ್ ಜೊತೆ ಬೆರೆಸಬಾರದು. ಬೆರೆಸಿದರೆ ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಆಗ ಕೆಲವರು ಅದನ್ನೇ ಕಿತ್ತುಹಾಕುತ್ತಾರೆ, ಒಪ್ಪಬೇಡಿ. ಮೇಲಿನ ಬೋರ್ಡಿಗೂ ಮನೆಯ ಅರ್ತಿಂಗಿನಿಂದ ಹಸಿರು ತಂತಿ ಹೋಗಲೇಬೇಕು. ಆರ್‌ಸಿಸಿಬಿ ಇದೆಯೆಂದು ಅರ್ತಿಂಗ್ ಬಿಡುವಂತಿಲ್ಲ.

ಹೊಸ ಗಾರೆ ಒಡೆದು ಮತ್ತೆ ಮಾಡಿಸಿದ್ದರಿಂದ ಉಳಿಸಿದ್ದಕ್ಕಿಂತ ಹೆಚ್ಚು ಖರ್ಚಾಯಿತು. ಗೋಡೆಯ ಮೇಲಿನ ಬಣ್ಣವನ್ನು ನೆಂಟರು ನೋಡುತ್ತಾರೆ. ಒಳಗಿನ ತಂತಿಯನ್ನು ಯಾರೂ ನೋಡುವುದಿಲ್ಲ. ಆದರೆ ರಾತ್ರಿ ನಾವು ಮಲಗುವುದು ಆ ತಂತಿಯನ್ನು ನಂಬಿ.

ಕೆಲಸ ಮುಗಿದ ಮೇಲೆ ನನ್ನ ಕಸುಬಿನದೂ ಒಂದಿಷ್ಟು ಉಳಿದಿತ್ತು. ಎರಡೂ ಬೋರ್ಡುಗಳಲ್ಲಿ ಯಾವ ಸ್ವಿಚ್ಚು ಯಾವುದಕ್ಕೆ ಎಂದು ಉರ್ದುವಿನಲ್ಲೂ ಕನ್ನಡದಲ್ಲೂ ಚೀಟಿ ಬರೆದು ಅಂಟಿಸಿದೆ. ಮೇಲಿನ ಬೋರ್ಡನ್ನು ಪೂರ್ತಿ ಆಫ್ ಮಾಡುವುದು ಎಲ್ಲಿ ಎಂದು ಈಗ ಅಮ್ಮಿಗೂ ಗೊತ್ತು. ಮಕ್ಕಳೇ, ಇವತ್ತು ಮನೆಗೆ ಹೋಗಿ ನಿಮ್ಮ ಬೋರ್ಡನ್ನು ಮುಟ್ಟದೆ, ದೂರದಿಂದ ತೋರಿಸಿ ದೊಡ್ಡವರನ್ನು ಕೇಳಿ: ಮೇನ್ ಸ್ವಿಚ್ ಯಾವುದು? ಆ ಉತ್ತರ ನಾಳೆ ತರಗತಿಯಲ್ಲಿ ನನಗೆ ಬೇಕು.