ಬೆಟ್ಟದ ಮೇಲೆ ತಲೆ ಏಕೆ ಸುತ್ತುತ್ತದೆ?



ಗುಂಡ್ಲುಪೇಟೆಯಿಂದ ಊಟಿಯ ರಸ್ತೆ ಹಿಡಿದು ಹೊರಟರೆ ಹಂಗಳ ಎಂಬ ಊರು ಸಿಗುತ್ತದೆ. ಅಲ್ಲಿ ಬಲಕ್ಕೆ ಹೊರಳಿದ ದಾರಿ ನಿಮ್ಮನ್ನು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಕರೆದೊಯ್ಯುತ್ತದೆ. ಬೆಟ್ಟವಿರುವುದು ಬಂಡೀಪುರದ ರಕ್ಷಿತಾರಣ್ಯದೊಳಗೆ. ಆದ್ದರಿಂದ ಸ್ವಂತ ವಾಹನಗಳು ಬುಡದಲ್ಲೇ ನಿಲ್ಲಬೇಕು. ಮುಂದಿನ ಅಂಕುಡೊಂಕಿನ ಏರುದಾರಿಗೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ಮೇಲೆ, 1,454 ಮೀಟರ್ ಎತ್ತರದಲ್ಲಿ, ಹೊಯ್ಸಳರ ಕಾಲದ್ದೆಂದು ಹೇಳುವ ವೇಣುಗೋಪಾಲನ ಗುಡಿ. ಸುತ್ತ ಹುಲ್ಲು ಹೊದ್ದ ಇಳಿಜಾರು, ಅದರ ಕೆಳಗೆ ಕಾಡು, ಇವೆಲ್ಲದರ ಮೇಲೆ ಹೊತ್ತು ಗೊತ್ತಿಲ್ಲದೆ ಬಂದು ಹೋಗುವ ಮಂಜು.

ಶಾಲಾ ಪ್ರವಾಸದ ತಂಡವೊಂದು ಅಲ್ಲಿ ಬಂದಿಳಿದಾಗ ಸುಮ್ಮನೆ ಒಂದು ಪಕ್ಕದಲ್ಲಿ ನಿಂತು ಕೇಳಿ. ಒಬ್ಬ ಹುಡುಗ ಬಸ್ಸಿನಿಂದ ಇಳಿಯುತ್ತಲೇ “ತಲೆ ಸುತ್ತುತ್ತಿದೆ ಸಾರ್” ಎನ್ನುತ್ತಾನೆ. ಬೆಳಗಿನಿಂದ ಏನೂ ತಿನ್ನದೆ ಬಂದ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಕುಸಿದು ಕೂತು ಅದೇ ಮಾತು ಹೇಳುತ್ತಾಳೆ. ಇನ್ನೊಬ್ಬ ಕಣಿವೆಯ ಕಡೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಅದನ್ನೇ ಹೇಳುತ್ತಾನೆ. ಮೇಷ್ಟ್ರ ಉತ್ತರವೂ ಮೂವರಿಗೂ ಒಂದೇ: “ಮೇಲೆ ಗಾಳಿ ತೆಳು ಕಣಪ್ಪ, ನೀರು ಕುಡಿದು ಕೂತ್ಕೊ.”

ಗಾಳಿಯ ಮೇಲಿನ ಈ ಆಪಾದನೆಯನ್ನು ಮೊದಲು ತೆಗೆದುಹಾಕೋಣ. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿ ಯಾರಿಗೂ ಎತ್ತರದಿಂದ ತಲೆ ಸುತ್ತುವುದಿಲ್ಲ. ಈ ಬೆಟ್ಟ ಅದಕ್ಕಿಂತ ಐನೂರು ಚಿಲ್ಲರೆ ಮೀಟರ್ ಎತ್ತರ, ಅಷ್ಟೆ. ಗಾಳಿ ವಿರಳವಾಗಿ ಕಾಯಿಲೆ ತರುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಕರ್ನಾಟಕದಲ್ಲಿ ಅಷ್ಟು ಎತ್ತರದ ಜಾಗವೇ ಇಲ್ಲ. ನಮ್ಮ ಮುಳ್ಳಯ್ಯನಗಿರಿಯೂ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ.

ಹಾಗಾದರೆ ಕಾರಣ ಎಲ್ಲಿದೆ? ಬಹಳ ಮಟ್ಟಿಗೆ ಕಿವಿಯೊಳಗೆ. ಕಿವಿ ಇರುವುದು ಕೇಳುವುದಕ್ಕೆ ಮಾತ್ರವಲ್ಲ. ಒಳಕಿವಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ನಿಂತ ಮೂರು ಅರೆವೃತ್ತದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಮೇಲೊಂದು ತುಳಸಿ ಎಲೆ ಬಿಟ್ಟು, ಲೋಟವನ್ನು ಥಟ್ಟನೆ ತಿರುಗಿಸಿ ನೋಡಿ. ಲೋಟ ತಿರುಗುತ್ತದೆ, ಎಲೆ ಇದ್ದಲ್ಲೇ ಇರುತ್ತದೆ. ತಲೆ ತಿರುಗಿದಾಗ ನಾಳದೊಳಗೂ ಹೀಗೆಯೇ. ಹಿಂದುಳಿದ ದ್ರವ ಅಲ್ಲಿರುವ ನವಿರಾದ ಕೂದಲುಗಳಂಥ ಸಂವೇದಕಗಳನ್ನು ಬಾಗಿಸುತ್ತದೆ. ಮಿದುಳಿಗೆ ‘ತಿರುಗುತ್ತಿದ್ದೇವೆ’ ಎಂಬ ಸುದ್ದಿ ಹೋಗುತ್ತದೆ. ಕೈಕೈ ಹಿಡಿದು ಗಿರಗಿರನೆ ಸುತ್ತಿ ಥಟ್ಟನೆ ನಿಂತರೆ ಭೂಮಿಯೇ ಸುತ್ತಿದಂತಾಗುವುದು ಏಕೆಂದು ಈಗ ನೀವೇ ಹೇಳಬಲ್ಲಿರಿ. ನೀವು ನಿಂತಿದ್ದೀರಿ, ನಾಳದ ದ್ರವ ಇನ್ನೂ ನಿಂತಿಲ್ಲ.

ಈ ಸುದ್ದಿ ಕಣ್ಣಿಗೂ ತಲುಪುತ್ತದೆ. ತೋರುಬೆರಳನ್ನು ಮುಖದ ಮುಂದೆ ಹಿಡಿದು ಬೆರಳನ್ನೇ ವೇಗವಾಗಿ ಅತ್ತಿತ್ತ ಆಡಿಸಿ: ಗೆರೆಗಳು ಕಲಸಿಹೋಗುತ್ತವೆ. ಈಗ ಬೆರಳನ್ನು ನಿಲ್ಲಿಸಿ ತಲೆಯನ್ನು ಅಷ್ಟೇ ವೇಗದಲ್ಲಿ ಆಡಿಸಿ: ಗೆರೆಗಳು ಸ್ಪಷ್ಟ! ಒಳಕಿವಿ ಹೇಳಿದಂತೆ ಕಣ್ಣುಗುಡ್ಡೆಗಳು ತಲೆಗೆ ವಿರುದ್ಧವಾಗಿ ಸರಿಯುತ್ತಿವೆ. ನಮ್ಮ ಕ್ಯಾಮೆರಾಗಳು ಅಲುಗದಂತೆ ಮಾಡಲು ಎಂಜಿನಿಯರುಗಳು ಪಡುವ ಪಾಡನ್ನು ಬಲ್ಲ ನನಗೆ ಈ ಪುಟ್ಟ ಪ್ರಯೋಗ ಇಂದಿಗೂ ಬೆರಗು ತರುತ್ತದೆ.

ಬಸ್ಸಿನ ಹುಡುಗನ ತೊಂದರೆ ಸುಲಭದ್ದು. ಅವನು ತಿರುವಿನ ದಾರಿಯುದ್ದಕ್ಕೂ ಮೊಬೈಲಿನಲ್ಲಿ ಮುಳುಗಿದ್ದ. ಕಿವಿ ‘ಹೊರಳುತ್ತಿದ್ದೇವೆ’ ಎಂದಿತು, ಕಣ್ಣು ‘ಇಲ್ಲ, ಎಲ್ಲ ನಿಂತಿದೆ’ ಎಂದಿತು. ಈ ಜಗಳದ ಫಲವೇ ವಾಕರಿಕೆ. ಕಿಟಕಿಯಾಚೆ ದೂರಕ್ಕೆ ನೋಡುತ್ತಿದ್ದರೆ ಇಬ್ಬರ ಸಾಕ್ಷ್ಯವೂ ಒಂದಾಗುತ್ತಿತ್ತು. ಚಾಲಕನಿಗೆ ಇದು ಬಾಧಿಸದಿರುವುದು ತಿರುವು ಬರುವುದು ಅವನಿಗೆ ಮೊದಲೇ ಗೊತ್ತಿರುವುದರಿಂದ. ಮೂಗಿಗೆ ನಿಂಬೆಹಣ್ಣು ಹಿಡಿಯುವ ನಮ್ಮ ಅಜ್ಜಿಯರ ಉಪಾಯದಿಂದ ನಷ್ಟವೇನಿಲ್ಲ. ಆದರೆ ಮುಂದಿನ ಸೀಟು ಅದಕ್ಕಿಂತ ಒಳ್ಳೆಯ ಔಷಧಿ.

ಮೆಟ್ಟಿಲ ಮೇಲೆ ಕುಸಿದ ಹುಡುಗಿಗೆ ಏನೂ ತಿರುಗುತ್ತಿಲ್ಲ. ಅವಳಿಗೆ ಬಂದದ್ದು ಬವಳಿ: ಕಣ್ಣಿಗೆ ಕತ್ತಲೆ, ತಣ್ಣನೆಯ ಬೆವರು. ಅದು ರಕ್ತ ಮತ್ತು ಆಹಾರಕ್ಕೆ ಸೇರಿದ ಸಂಗತಿ. ಕಾಲು ಎತ್ತರಕ್ಕಿಟ್ಟು ಮಲಗಿಸಬೇಕು. ಮತ್ತೆ ಮತ್ತೆ ಹೀಗಾಗುತ್ತಿದ್ದರೆ ರಕ್ತಹೀನತೆ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು. ನಮ್ಮ ಮಾತಿನಲ್ಲಿ ಎಲ್ಲವೂ ‘ತಲೆಸುತ್ತು’ ಆಗಿಬಿಡುವುದರಿಂದ ವೈದ್ಯರ ಮುಂದೆ ಈ ಭೇದ ಹೇಳುವುದು ಮುಖ್ಯ: ಕೋಣೆ ತಿರುಗಿತೇ, ಇಲ್ಲ ಕತ್ತಲೆ ಕವಿಯಿತೇ? ಎಷ್ಟು ಹೊತ್ತು? ಏನು ಮಾಡುವಾಗ?

ಈ ಪ್ರಶ್ನೆಗಳ ಬೆಲೆ ನನಗೆ ತಿಳಿದದ್ದು ನನ್ನ ಸೋದರತ್ತೆಯವರಿಂದ. ಗುಂಡ್ಲುಪೇಟೆ ತಾಲ್ಲೂಕಿನವರು, ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೋಗುವುದು ಅವರಿಗೆ ತಪ್ಪದ ವಾಡಿಕೆ. ಅರವತ್ತು ದಾಟಿದ ಮೇಲೆ ಒಂದು ಬೆಳಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಸೂರು ಗಿರ್ರನೆ ತಿರುಗಿತು. ಅರ್ಧ ನಿಮಿಷ, ಮತ್ತೆ ಎಲ್ಲ ಸರಿ. ಆಮೇಲೆ ನಾಗಂದಿಗೆಯ ಮೇಲಿನ ಡಬ್ಬಿಗೆ ತಲೆ ಎತ್ತಿದಾಗ, ಬಗ್ಗಿ ರಂಗೋಲಿ ಇಡುವಾಗ ಅದೇ. ನೆರೆಯವರು ಪಿತ್ತ ಎಂದರು; ಒಬ್ಬ ವೈದ್ಯರು ರಕ್ತದೊತ್ತಡ ಕಡಿಮೆ ಎಂದು ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ಹೋಗಿ, ಮತ್ತೆ ಬರುವುದು. ಎರಡು ವರ್ಷ ಅವರು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದರು. ಬೆಟ್ಟ ನಿಂತಿತು. “ಸ್ವಾಮಿಗೆ ನಾನು ಬರೋದು ಬೇಡವಾಗಿದೆ ಕಣೋ” ಎಂದರು ನನ್ನೊಂದಿಗೆ. ಕಾಯಿಲೆಗಿಂತ ಆ ಮಾತು ನನಗೆ ಹೆಚ್ಚು ಕಷ್ಟವಾಯಿತು.

ಕೊನೆಗೆ ಮೈಸೂರಿನಲ್ಲಿ ಕಿವಿ-ಮೂಗು-ಗಂಟಲು ತಜ್ಞರೊಬ್ಬರು ಅವರನ್ನು ಕೂರಿಸಿ, ತಲೆಯನ್ನು ಒಂದು ಬದಿಗೆ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣುಗಳನ್ನೇ ನೋಡುತ್ತ ನಿಂತರು. ಕೆಲವು ಕ್ಷಣ ಕಳೆದು ಕಣ್ಣುಗುಡ್ಡೆಗಳು ತಾವೇ ತಾವಾಗಿ ಅದುರತೊಡಗಿದವು. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ಇಬ್ಬರು 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಒಳಕಿವಿಯಲ್ಲಿ ನಾಳಗಳ ಪಕ್ಕದ ಚೀಲದೊಳಗೆ ಸುಣ್ಣದ ಸೂಕ್ಷ್ಮ ಹರಳುಗಳಿರುತ್ತವೆ. ಅವು ಕ್ಯಾಲ್ಸಿಯಂ ಕಾರ್ಬೊನೇಟ್, ಮೊಟ್ಟೆಯ ಚಿಪ್ಪಿನಲ್ಲಿರುವುದೇ. ಗುರುತ್ವದ ದಿಕ್ಕನ್ನು ತಿಳಿಸುವುದು ಅವುಗಳ ಕೆಲಸ. ವಯಸ್ಸಾದಂತೆಯೋ ತಲೆಗೆ ಪೆಟ್ಟು ಬಿದ್ದೋ ಕೆಲವು ಹರಳುಗಳು ಕಳಚಿ ನಾಳದೊಳಕ್ಕೆ ಜಾರಿದರೆ, ತಲೆ ಓರೆಯಾದಾಗಲೆಲ್ಲ ಉರುಳಿ ಸುಳ್ಳು ಸುದ್ದಿ ಕಳಿಸುತ್ತವೆ. ಅಮೆರಿಕದ ಜಾನ್ ಎಪ್ಲೆ ಎಂಬ ವೈದ್ಯರು ಇದಕ್ಕೆ ಮಾತ್ರೆಯಿಲ್ಲದ ಉಪಾಯ ಕಂಡುಹಿಡಿದರು: ತಲೆಯನ್ನು ಕ್ರಮವಾಗಿ ಒಂದೊಂದೇ ಕೋನಕ್ಕೆ ತಿರುಗಿಸುತ್ತ ಹರಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಉರುಳಿಸುವುದು. ಸೋದರತ್ತೆಗೆ ಅಂದು ಹಿಡಿದದ್ದು ಹದಿನೈದು ನಿಮಿಷವೂ ಅಲ್ಲ. ಮುಂದಿನ ಶ್ರಾವಣದಲ್ಲಿ ಅವರು ಬೆಟ್ಟದ ಗುಡಿಯ ಮುಂದೆ ತಲೆ ಎತ್ತಿ ಗೋಪುರ ನೋಡಿದರು. ಆದರೆ ಮೊಬೈಲಿನಲ್ಲಿ ನೋಡಿಕೊಂಡು ಮನೆಯ ಹಿರಿಯರ ಕತ್ತು ತಿರುಗಿಸಲು ಹೋಗಬೇಡಿ. ಯಾವ ಕಿವಿ, ಯಾವ ನಾಳ ಎಂಬುದನ್ನು ಮೊದಲು ವೈದ್ಯರು ಗುರುತಿಸಬೇಕು.

ಬೇರೆ ಕಾರಣಗಳೂ ಇವೆ. ಕಿವಿ ಮೊರೆತ, ಕಿವುಡು, ಗಂಟೆಗಟ್ಟಲೆ ಸುತ್ತು, ಈ ಮೂರೂ ಸೇರಿ ಬರುವ ಕಾಯಿಲೆಗೆ 1861ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ವೈದ್ಯ ಮೆನಿಯೇರನ ಹೆಸರಿದೆ. ಸಮತೋಲನದ ನರಕ್ಕೆ ಉರಿಯೂತ ಬಂದರೆ ದಿನಗಟ್ಟಲೆ ಸುತ್ತೀತು. ಅರೆತಲೆನೋವಿನ ಜೊತೆಗೂ ಬರಬಹುದು. ಕಿವಿಗೆ ತಣ್ಣೀರು ಹಾಯಿಸಿದರೆ ತಲೆಸುತ್ತುವುದನ್ನು ಗಮನಿಸಿ, ಅದನ್ನೇ ಒಳಕಿವಿಯ ಪರೀಕ್ಷೆಯಾಗಿ ಮಾಡಿದ ರಾಬರ್ಟ್ ಬರಾನಿಗೆ 1914ನೇ ಸಾಲಿನ ನೊಬೆಲ್ ಬಹುಮಾನ ಬಂತು. ಸುದ್ದಿ ಹೊರಬಿದ್ದಾಗ ಆತ ರಷ್ಯದಲ್ಲಿ ಯುದ್ಧಕೈದಿ! ಒಂದನ್ನು ಮಾತ್ರ ನೆನಪಿಡಿ: ಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಅದು ಮಿದುಳಿನ ರಕ್ತನಾಳದ ತೊಂದರೆ ಇರಬಹುದು. ಕಾಯಬಾರದು, 108ಕ್ಕೆ ಕರೆ ಮಾಡಬೇಕು.

ಇನ್ನು ಕಣಿವೆಯ ಕಡೆ ನೋಡಿ ಹಿಂದೆ ಸರಿದ ಹುಡುಗ. ಗೆಳೆಯರು ಅವನನ್ನು ‘ಪುಕ್ಕಲ’ ಎಂದು ಆಡಿಕೊಂಡರು. ಲೆಕ್ಕ ಹಾಕಿ ನೋಡೋಣ. ನಾವು ನಿಂತಿದ್ದೇವೆ ಎಂದುಕೊಂಡಾಗಲೂ ನಮ್ಮ ಮೈ ಒಂದೆರಡು ಸೆಂಟಿಮೀಟರ್ ಅತ್ತಿತ್ತ ಹೊಯ್ದಾಡುತ್ತಲೇ ಇರುತ್ತದೆ. ಒಂದು ಮೀಟರ್ ದೂರದ ಗೋಡೆ ಎದುರಿಗಿದ್ದರೆ ಎರಡು ಸೆಂಟಿಮೀಟರಿನ ಓಲಾಟದಿಂದ ಅದು ಕಣ್ಣಿಗೆ ಒಂದು ಡಿಗ್ರಿಗೂ ತುಸು ಹೆಚ್ಚು ಸರಿದಂತೆ ಕಾಣುತ್ತದೆ, ಮಿದುಳು ಕೂಡಲೇ ಮೈಯನ್ನು ತಿದ್ದುತ್ತದೆ. ಎದುರಿಗಿರುವುದು ನೂರು ಮೀಟರ್ ಆಚೆಯ ಮರವಾದರೆ? ಅದೇ ಓಲಾಟಕ್ಕೆ ಅದು ಸರಿಯುವುದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಕಣ್ಣಿಗೆ ಅದು ಕಾಣುವುದೇ ಇಲ್ಲ ಎನ್ನಬಹುದು. ಮೈಯನ್ನು ತಿದ್ದುವವರು ಇಲ್ಲದೆ ಓಲಾಟ ಹೆಚ್ಚುತ್ತದೆ. ಅದರ ಮೇಲೆ ಆ ಬೆಟ್ಟದ ಗಾಳಿ ನೂಕುತ್ತದೆ. ಮಂಜು ಸರಿಯುವಾಗ ಬೆಟ್ಟವೇ ಸರಿದಂತೆ ಭಾಸವಾಗುತ್ತದೆ, ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಂತಾಗುವುದಿಲ್ಲವೇ, ಹಾಗೆ. ಅವನ ಮೈ ಹೇಳಿದ್ದು ನಿಜವನ್ನೇ.

ಇದು ಭಯವಾಗಿ ಬೇರೂರುವುದೂ ಉಂಟು. ಹಿಚ್‌ಕಾಕ್ 1958ರಲ್ಲಿ ‘ವರ್ಟಿಗೋ’ ಚಿತ್ರ ತೆಗೆದಾಗ, ಕ್ಯಾಮೆರಾವನ್ನು ಒಂದು ದಿಕ್ಕಿಗೆ ಸರಿಸಿ ಲೆನ್ಸನ್ನು ಅದಕ್ಕೆ ವಿರುದ್ಧವಾಗಿ ಜೂಮ್ ಮಾಡಿ ಆ ಭಯವನ್ನು ತೆರೆಗೆ ತಂದರು. ನಮ್ಮ ವೃತ್ತಿಯವರು ಇಂದಿಗೂ ಆ ತಂತ್ರವನ್ನು ಬಳಸುತ್ತಾರೆ. ಆದರೆ ನಾಯಕನಿಗಿದ್ದದ್ದು ಮುಖ್ಯವಾಗಿ ಎತ್ತರದ ಭಯ, ಕಿವಿಯ ಕಾಯಿಲೆಯಲ್ಲ. ಜರ್ಮನ್ ಕವಿ ಗಯಟೆಗೆ ಯೌವನದಲ್ಲಿ ಈ ಭಯವಿತ್ತು. ಸ್ಟ್ರಾಸ್‌ಬರ್ಗಿನಲ್ಲಿ ಕಾನೂನು ಓದುತ್ತಿದ್ದಾಗ ಅಲ್ಲಿನ ಇಗರ್ಜಿಯ ಗೋಪುರವನ್ನು ಮತ್ತೆ ಮತ್ತೆ ಹತ್ತಿ, ಭಯ ಸವೆಯುವವರೆಗೆ ಬಿಡಲಿಲ್ಲ. ಇಂದಿನ ಮನೋವೈದ್ಯರೂ ಇದೇ ದಾರಿ ಹಿಡಿಯುತ್ತಾರೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ, ಜೊತೆಯಲ್ಲಿದ್ದು.

ಎತ್ತರದಲ್ಲಿ ಕಣ್ಣು ಮುಚ್ಚಬೇಡಿ, ಅದು ಓಲಾಟವನ್ನು ಹೆಚ್ಚಿಸುತ್ತದೆ. ಹತ್ತಿರದ ಕಲ್ಲನ್ನೋ ಕಂಬಿಯನ್ನೋ ನೋಡಿ, ಒರಗಿ, ಇಲ್ಲವೇ ಕೂತುಬಿಡಿ. ಕ್ಯಾಮೆರಾ ಅಥವಾ ಮೊಬೈಲಿನ ಮೂಲಕ ನೋಡುತ್ತ ಅಂಚಿನಲ್ಲಿ ಹಿಂದೆ ಮುಂದೆ ನಡೆಯುವುದು ಎಲ್ಲಕ್ಕಿಂತ ಅಪಾಯ. ಆ ಚೌಕಟ್ಟು ಪಕ್ಕದ ನೋಟವನ್ನೆಲ್ಲ ಕತ್ತರಿಸಿಬಿಡುತ್ತದೆ. ನಮ್ಮ ತಂಡ ಇಂಥ ಕಡೆ ಚಿತ್ರೀಕರಣಕ್ಕೆ ಹೋದಾಗ ಛಾಯಾಗ್ರಾಹಕರು ಕಣ್ಣನ್ನು ಕ್ಯಾಮೆರಾಕ್ಕೆ ಇಡುವ ಮೊದಲು ಸಹಾಯಕನೊಬ್ಬ ಹಿಂದೆ ನಿಂತು ಅವರ ಸೊಂಟದ ಬೆಲ್ಟನ್ನು ಬಿಗಿಯಾಗಿ ಹಿಡಿಯುತ್ತಾನೆ. ಶಾಟ್ ಮುಗಿದು, ಅವರು ಕಣ್ಣು ತೆಗೆದು ಎರಡು ಹೆಜ್ಜೆ ಹಿಂದೆ ಬರುವವರೆಗೂ ಬಿಡುವುದಿಲ್ಲ.