ಔಷಧ ಹೊತ್ತ ಡ್ರೋನ್: ಗಣಕದೊಳಗಿನ ಹಾರಾಟ



2021ರ ಅಕ್ಟೋಬರ್ 4ರಂದು ಮಣಿಪುರದ ಬಿಷ್ಣುಪುರ ಜಿಲ್ಲಾ ಆಸ್ಪತ್ರೆಯಿಂದ ಲೋಕ್ತಕ್ ಸರೋವರದ ಕರಾಂಗ್ ದ್ವೀಪಕ್ಕೆ ಡ್ರೋನ್ ಮೂಲಕ ಕೋವಿಡ್ ಲಸಿಕೆಯನ್ನು ಕಳುಹಿಸಲಾಯಿತು. ರಸ್ತೆಯ ಹಾದಿ 26 ಕಿಲೋಮೀಟರ್. ಆಕಾಶಮಾರ್ಗ 15 ಕಿಲೋಮೀಟರ್. ಅದನ್ನು ಕ್ರಮಿಸಲು 12ರಿಂದ 15 ನಿಮಿಷ ಸಾಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೆಲಂಗಾಣದ ವಿಕಾರಾಬಾದಿನಲ್ಲಿಯೂ ಇಂತಹುದೇ ಪ್ರಯೋಗ ಆರಂಭವಾಗಿದ್ದುದು ಹೈದರಾಬಾದಿನ ಕನ್ನಡಿಗರಿಗೆ ನೆನಪಿದ್ದೀತು. ಇಂತಹ ಯಂತ್ರವನ್ನು ಜನವಸತಿಯ ಮೇಲೆ ಹಾರಿಸುವ ಮುನ್ನ ಗಣಕದಲ್ಲಿ ಹಲವು ಸಾವಿರ ಬಾರಿ ಹಾರಿಸಿ ನೋಡುವುದು ಕ್ಷೇಮಕರ. ಆದರೆ ಗಣಕದ ಮಾತನ್ನು ಎಷ್ಟು ನಂಬಬಹುದು?

ಯಂತ್ರದ ಮೇಲೆ ಪ್ರತಿಕ್ಷಣ ವರ್ತಿಸುವ ಬಲಗಳನ್ನು ಲೆಕ್ಕ ಹಾಕಿ, ಮರುಕ್ಷಣ ಅದು ಎಲ್ಲಿರುವುದು, ಎತ್ತ ವಾಲಿರುವುದು ಎಂದು ತಿಳಿಸುವ ಸಮೀಕರಣಗಳ ಸಮೂಹವೇ ಹಾರಾಟದ ಗಣಿತೀಯ ಪ್ರತಿರೂಪ. ನ್ಯೂಟನ್ನನ ನಿಯಮಗಳು ಹಳೆಯವು. ಕಷ್ಟವಿರುವುದು ಅವುಗಳಿಗೆ ಒದಗಿಸಬೇಕಾದ ಅಂಕಿಗಳಲ್ಲಿ. ತೂಕವನ್ನು ತಕ್ಕಡಿ ಹೇಳುತ್ತದೆ. ಪ್ರೊಪೆಲ್ಲರಿನ ನೂಕುಬಲವನ್ನು ಅದನ್ನು ಸ್ಥಿರವಾದ ಪೀಠಕ್ಕೆ ಬಿಗಿದು ತಿರುಗಿಸಿ ಅಳೆಯಲಾಗುತ್ತದೆ. ಯಂತ್ರವು ತಿರುಗುವಿಕೆಗೆ ಒಡ್ಡುವ ಜಡತ್ವವನ್ನು ಅರಿಯಲು ಅದನ್ನು ಎರಡು ಸಮಾನಾಂತರ ದಾರಗಳಿಂದ ತೂಗುಹಾಕಿ, ತುಸು ತಿರುಚಿ ಬಿಟ್ಟು, ಆಂದೋಲನಗಳ ಕಾಲವನ್ನು ಎಣಿಸುತ್ತಾರೆ. ಇಷ್ಟು ಆಧುನಿಕ ಯಂತ್ರಕ್ಕೆ ಇಷ್ಟು ಸರಳವಾದ ಉಪಾಯ ಸಾಲುವುದು ನನಗಂತೂ ಸಂತೋಷದ ವಿಷಯ.

ಈ ಅಂಕಿಗಳು ಸ್ಥಿರವಲ್ಲ. ಪೊಟ್ಟಣ ಕಳಚಿದ ಕ್ಷಣವೇ ತೂಕ ಇಳಿಯುತ್ತದೆ, ಗುರುತ್ವಕೇಂದ್ರ ಸರಿಯುತ್ತದೆ. ಬ್ಯಾಟರಿ ಬರಿದಾದಂತೆ ವೋಲ್ಟೇಜ್ ಕುಗ್ಗುತ್ತದೆ. ಸಮುದ್ರಮಟ್ಟದಲ್ಲಿ ಘನಮೀಟರಿಗೆ ಸುಮಾರು 1.225 ಕಿಲೋಗ್ರಾಂ ಇರುವ ಗಾಳಿಯ ಸಾಂದ್ರತೆ 3,000 ಮೀಟರ್ ಎತ್ತರದಲ್ಲಿ ಸುಮಾರು 0.91ಕ್ಕೆ ಇಳಿಯುವುದರಿಂದ, ಅದೇ ವೇಗದಲ್ಲಿ ತಿರುಗುವ ಪ್ರೊಪೆಲ್ಲರ್ ಅಲ್ಲಿ ನೀಡುವ ನೂಕುಬಲ ಮುಕ್ಕಾಲು ಪಾಲು ಮಾತ್ರ. ಮುಂಬಯಿಯ ಕಡಲತೀರದಲ್ಲಿ ಹೊಂದಿಸಿದ ಪ್ರತಿರೂಪವನ್ನು ಹಿಮಾಲಯಕ್ಕೆ ಹಾಗೆಯೇ ಒಯ್ಯುವಂತಿಲ್ಲ.

ಇನ್ನು ತಾಳೆ ನೋಡುವ ಮಾತು. ನಿಜವಾದ ಹಾರಾಟದಲ್ಲಿ ದಾಖಲಾದ ಆಜ್ಞೆಗಳನ್ನೇ ಪ್ರತಿರೂಪಕ್ಕೂ ಕೊಟ್ಟು, ವಾಲುವಿಕೆ, ವೇಗ, ವಿದ್ಯುತ್ ಪ್ರವಾಹ ಇವುಗಳನ್ನು ಹೋಲಿಸಲಾಗುತ್ತದೆ. ಹೊಂದದಿದ್ದರೆ ಅಂಕಿಗಳನ್ನು ತಿದ್ದುವುದು ಸಹಜ. ಆದರೆ ಯಾವ ಹಾರಾಟವನ್ನು ನೋಡಿ ತಿದ್ದಿದೆವೋ ಅದರಿಂದಲೇ ಪ್ರತಿರೂಪವನ್ನು ಪರೀಕ್ಷಿಸಿದರೆ, ಮೊದಲೇ ಕಂಡ ಪ್ರಶ್ನೆಪತ್ರಿಕೆಗೆ ವಿದ್ಯಾರ್ಥಿ ಉತ್ತರ ಬರೆದಂತಾಗುತ್ತದೆ. ಪರೀಕ್ಷೆಗೆ ಬೇರೆಯೇ ಹಾರಾಟ ಬೇಕು; ಅದೂ ಗಾಳಿ ಬೀಸುವ ದಿನದ್ದು. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುವುದರಿಂದ, ಸೆಕೆಂಡಿಗೆ 6 ಮೀಟರ್ ಗಾಳಿಯಲ್ಲಿ ಒಪ್ಪಿದ ಪ್ರತಿರೂಪವು 12 ಮೀಟರ್ ಗಾಳಿಗೆ ಸಾಕ್ಷಿಯಾಗಲಾರದು. ಆ ಮಿತಿಯನ್ನು ಬರೆದಿಡದ ಪ್ರಮಾಣಪತ್ರವನ್ನು ನಾನು ಒಪ್ಪಲಾರೆ. ಹಾರುಮಾರ್ಗದ ಕೆಳಗೆ ಇರುವುದು ಶಾಲೆ, ಸಂತೆ, ಮನೆಗಳು.

ಮೋಟಾರು ನಡುದಾರಿಯಲ್ಲಿ ನಿಂತರೆ ಏನಾಗುವುದೆಂಬುದನ್ನು ಅವುಗಳ ಮೇಲೆ ಪರೀಕ್ಷಿಸಲಾಗದು. ಮೊದಲು ಗಣಕದಲ್ಲಿ, ಆನಂತರ ನಿರ್ಜನ ಬಯಲಿನಲ್ಲಿ, ಔಷಧದ ಬದಲು ಅಷ್ಟೇ ತೂಕದ ಮರಳಿನ ಚೀಲವನ್ನು ಕಟ್ಟಿ ಅದನ್ನು ನೋಡಬೇಕು.